ಲಿಂಕ್ ಸಾಯುತ್ತದೆ ಅಂತ ತಿಳಿದುಕೊಂಡೇ ಬರೆಯಿರಿ

ಪ್ರಶ್ನೆ: ಹಲವು ವರ್ಷಗಳಿಂದ ಸೋಷಿಯಲ್ ಮೀಡಿಯಾದಲ್ಲಿ ಮೀಮ್, ಹಳೆಯ ವೆಬ್‌ಸೈಟ್, ವೈರಲ್ ಆದ ವಿಡಿಯೋ, ಇಂಥವುಗಳ ಬಗ್ಗೆ ಬರೆಯುತ್ತಿದ್ದೇನೆ. ಬರೆದದ್ದು ಎರಡು ದಿನಕ್ಕೆ ಕೆಳಗೆ ಹೋಗಿಬಿಡುತ್ತದೆ. ಆಮೇಲೆ ಹುಡುಕಿದರೆ ನನಗೇ ಸಿಗುವುದಿಲ್ಲ. ಸ್ವಂತ ಬ್ಲಾಗ್ ಶುರು ಮಾಡೋಣ ಅನ್ನಿಸಿದೆ. ಆದರೆ ಈಗ ಬ್ಲಾಗ್ ಓದುವವರು ಇದ್ದಾರಾ? ಎಲ್ಲಿ ಶುರು ಮಾಡಲಿ? ಇಂಟರ್ನೆಟ್ ಸಂಸ್ಕೃತಿ ಅನ್ನುವುದು ಕೂತು ಬರೆಯುವಂಥ ವಿಷಯವಾ, ಇಲ್ಲ ಸುಮ್ನೆ ಟೈಂಪಾಸಾ? ಬೇರೆಯವರ ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ಹಾಕಿದರೆ ತಪ್ಪಾ?

ಉತ್ತರ: ಶುರು ಮಾಡಿ. ಎಷ್ಟು ಜನ ಓದುತ್ತಾರೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ನಿಮಗೆ ಸ್ವಂತ ಜಾಗ ಬೇಕು ಅನ್ನುವುದಕ್ಕೆ ದೊಡ್ಡ ಕಾರಣ ನಿಮ್ಮ ವಿಷಯದ ಒಳಗೇ ಇದೆ.

ಇಂಟರ್ನೆಟ್‌ಗೆ ಒಮ್ಮೆ ಹಾಕಿದ್ದು ಯಾವತ್ತೂ ಅಳಿಸಿ ಹೋಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮುಜುಗರದ ಫೋಟೋಗಳ ಮಟ್ಟಿಗೆ ಅದು ನಿಜ ಇರಬಹುದು. ಉಳಿದವುಗಳ ಕಥೆ ಬೇರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಇದರ ಲೆಕ್ಕ ಹಾಕಿತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಲೇ ಇರಲಿಲ್ಲ. ಅದೇ ಅಧ್ಯಯನದವರು ಇಂಗ್ಲಿಷ್ ವಿಕಿಪೀಡಿಯಾವನ್ನೂ ನೋಡಿದರು. ಶೇ. 54ರಷ್ಟು ಪುಟಗಳ ಆಧಾರಪಟ್ಟಿಯಲ್ಲಿ ಕನಿಷ್ಠ ಒಂದು ಲಿಂಕಾದರೂ ಸತ್ತಿತ್ತು. ಅಷ್ಟೊಂದು ಜನ ಕಾಯುವ ಜಾಗದಲ್ಲೇ ಹೀಗೆ. ಇನ್ನು ಮೀಮ್, ಜೋಕು, ಜಗಳ, ಹದಿಹರೆಯದವರ ಹೋಮ್‌ಪೇಜು, ಇವನ್ನೆಲ್ಲ ಯಾರು ಕಾಯುತ್ತಾರೆ?

ಜಿಯೋಸಿಟೀಸ್ ಗೊತ್ತಲ್ವಾ? 1994ರಲ್ಲಿ ಶುರುವಾದ ಜಾಗ ಅದು. ಯಾರು ಬೇಕಾದರೂ ಪುಕ್ಕಟೆಯಾಗಿ ಸ್ವಂತ ಪುಟ ಕಟ್ಟಿಕೊಳ್ಳಬಹುದಿತ್ತು. ಮಿನುಗುವ ಅಕ್ಷರ, ತಾನಾಗಿ ಶುರುವಾಗುವ ಸಂಗೀತ, 'ಕೆಲಸ ನಡೆಯುತ್ತಿದೆ' ಅನ್ನುವ ಹಳದಿ ಬೋರ್ಡಿನ ಚಿತ್ರ, ಎಷ್ಟು ಜನ ಬಂದರು ಅಂತ ತೋರಿಸುವ ಕೌಂಟರ್, ಬಂದವರು ಸಹಿ ಮಾಡುವ ಗೆಸ್ಟ್‌ಬುಕ್. ಇವತ್ತಿನ ಕಣ್ಣಿಗೆ ಗದ್ದಲ ಅನ್ನಿಸುತ್ತದೆ. ಆದರೆ ಎಷ್ಟೋ ಮಾಮೂಲಿ ಜನ ಮೊದಲ ಸಲ ಜಗತ್ತಿನ ಎದುರು ತಮ್ಮದು ಅಂತ ಏನೋ ಇಟ್ಟದ್ದು ಅಲ್ಲೇ. 1999ರಲ್ಲಿ ಯಾಹೂ ಅದನ್ನು ಶತಕೋಟಿಗಟ್ಟಲೆ ಡಾಲರ್ ಕೊಟ್ಟು ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕೈವ್ ಟೀಮ್ ಅನ್ನುವ ಸ್ವಯಂಸೇವಕರ ಗುಂಪು ಹಗಲೂ ರಾತ್ರಿ ಕೂತು ಕೈಗೆ ಸಿಕ್ಕಷ್ಟು ನಕಲು ಮಾಡಿಕೊಂಡಿತು. ಅವರು 2010ರಲ್ಲಿ ಬಿಡುಗಡೆ ಮಾಡಿದ ಕಟ್ಟು 600 ಗಿಗಾಬೈಟ್‌ಗಿಂತ ಜಾಸ್ತಿ ಇತ್ತು. ಅವರು ಆ ಕೆಲಸ ಮಾಡಿರದಿದ್ದರೆ ಆ ಕಾಲದ ಬಗ್ಗೆ ನಾವು ಮಾತಾಡಲು ಬರೀ ನೆನಪು ಉಳಿಯುತ್ತಿತ್ತು.

ಒಂದು ಕಾಲದ ದೊಡ್ಡ ಸೋಷಿಯಲ್ ಮೀಡಿಯಾ ತಾಣ ಮೈಸ್ಪೇಸ್ ಕಥೆ ಇನ್ನೂ ವಿಚಿತ್ರ. ಅದು ಮುಚ್ಚಲೂ ಇಲ್ಲ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಒಂದು ದಶಕಕ್ಕೂ ಮಿಕ್ಕಿದ ಹಾಡು, ಫೋಟೋ, ವಿಡಿಯೋ ಎಲ್ಲ ಹೋದವು ಅಂತ 2019ರಲ್ಲಿ ಹೊರಗೆ ಬಂತು. ಯಾರೂ ಬೇಕಂತ ಅಳಿಸಿದ್ದಲ್ಲ. ಕಾಯುವುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ.

ಹಾಗಾಗಿ ನಾನು ಹೇಳುವುದು ಒಂದೇ. ಇಂಟರ್ನೆಟ್ ಬಗ್ಗೆ ಬರೆಯುವವರು ತಾವು ಕೊಡುವ ಪ್ರತಿಯೊಂದು ಲಿಂಕೂ ಒಂದು ದಿನ ಸಾಯುತ್ತದೆ ಅಂತ ತಿಳಿದುಕೊಂಡೇ ಬರೆಯಬೇಕು. ಜಾಗ ಆರಿಸುವುದರಿಂದ ಹಿಡಿದು ವಾಕ್ಯ ಕಟ್ಟುವ ತನಕ ಎಲ್ಲವೂ ಈ ಒಂದು ಮಾತಿನ ಮೇಲೆ ನಿಲ್ಲುತ್ತದೆ.

ಮೊದಲು ಜಾಗ. ಹೊಸಬರು ಯಾವ ಸಾಫ್ಟ್‌ವೇರ್ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಅಷ್ಟು ಮುಖ್ಯ ಅಲ್ಲ. ಬ್ಲಾಗರ್ 1999ರಿಂದ ಇದೆ, 2003ರಲ್ಲಿ ಗೂಗಲ್ ಕೈಗೆ ಬಂತು, ಈಗಲೂ ಪುಕ್ಕಟೆ. ವರ್ಡ್‌ಪ್ರೆಸ್ 2003ರಲ್ಲಿ ಬಂತು. ಅದು ಮುಕ್ತ ತಂತ್ರಾಂಶ, ಬೇಕಾದ ಕಡೆ ಹಾಕಿಕೊಳ್ಳಬಹುದು. ಸ್ವಲ್ಪ ತಾಂತ್ರಿಕ ಆಸಕ್ತಿ ಇದ್ದರೆ ಜೆಕಿಲ್, ಹ್ಯೂಗೋ ತರದ ಸಾಧನ ಬಳಸಿ. ಬರೆದದ್ದು ಮಾಮೂಲಿ ಟೆಕ್ಸ್ಟ್ ಫೈಲ್ ಆಗಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಸಾಧನ ಅದನ್ನು ವೆಬ್ ಪುಟ ಮಾಡಿಕೊಡುತ್ತದೆ. ಡೇಟಾಬೇಸ್ ಇಲ್ಲ, ಹ್ಯಾಕ್ ಆಗುವ ತಲೆನೋವು ಕಡಿಮೆ, ಹತ್ತು ವರ್ಷ ಬಿಟ್ಟು ತೆರೆದರೂ ಓದಲು ಬರುತ್ತದೆ. ನನ್ನ ಒಲವು ಇದರ ಕಡೆಗೇ. ಆದರೆ ಇದನ್ನು ಕಲಿಯುವ ನೆಪದಲ್ಲಿ ಬರೆಯುವುದೇ ನಿಂತುಹೋಗುವುದಾದರೆ ಬ್ಲಾಗರ್ ಸಾಕು.

ತಲೆ ಕೆಡಿಸಿಕೊಳ್ಳಬೇಕಾದದ್ದು ಡೊಮೇನ್ ಹೆಸರಿನ ಬಗ್ಗೆ. ನಿಮ್ಮದೇ ಹೆಸರಿನ ವಿಳಾಸ ಕೊಂಡುಕೊಳ್ಳಿ. ಸಿಮ್ ಕಂಪನಿ ಬದಲಾಯಿಸಿದರೂ ನಂಬರ್ ಅದೇ ಇರುವ ಹಾಗೆ, ನಾಳೆ ಬ್ಲಾಗರ್ ಬಿಟ್ಟು ವರ್ಡ್‌ಪ್ರೆಸ್‌ಗೆ ಹೋದರೂ ವಿಳಾಸ ಅದೇ ಇರುತ್ತದೆ. ಓದುವವರಿಗೆ ಬದಲಾದದ್ದೇ ಗೊತ್ತಾಗುವುದಿಲ್ಲ. ಕೊಂಡ ಮೇಲೆ ನವೀಕರಣ ಮರೆಯಬೇಡಿ. ಸಾಮಾನ್ಯವಾಗಿ ಗರಿಷ್ಠ 10 ವರ್ಷದ ತನಕ ಒಟ್ಟಿಗೇ ಕಟ್ಟಬಹುದು. ತನ್ನಿಂತಾನೇ ನವೀಕರಣ ಆಗುವ ಹಾಗೆ ಇಡಿ, ಜೊತೆಗೆ ಎಚ್ಚರಿಕೆಯ ಮೇಲ್ ಹೋಗುವ ವಿಳಾಸ ನೀವು ದಿನಾ ನೋಡುವಂಥದ್ದೇ ಆಗಿರಲಿ. ಅವಧಿ ಮುಗಿದ ಡೊಮೇನ್‌ಗಳಿಗಾಗಿಯೇ ಹೊಂಚು ಹಾಕಿ ಕೂತವರಿದ್ದಾರೆ. ಹಳೆಯ ಬ್ಲಾಗ್ ಒಂದರ ಲಿಂಕ್ ಒತ್ತಿದರೆ ಜೂಜಿನ ಜಾಹೀರಾತು ಬರುತ್ತದಲ್ಲ, ಅದರ ಹಿಂದೆ ಹೆಚ್ಚಾಗಿ ಇದೇ ಕಥೆ.

ಪ್ರತಿ ಪೋಸ್ಟಿನ ವಿಳಾಸವೂ ಹಾಗೆಯೇ. ಒಮ್ಮೆ ಕೊಟ್ಟರೆ ಮುಗಿಯಿತು, ಬದಲಾಯಿಸಬಾರದು. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಒಂದು ಟಿಪ್ಪಣಿ ಬರೆದು ಹೇಳಿದ್ದರು. ವಿಳಾಸದಲ್ಲಿ ವಿಭಾಗದ ಹೆಸರು, ಸಾಫ್ಟ್‌ವೇರಿನ ಹೆಸರು ಬೇಡ, ಯಾಕೆಂದರೆ ಅವೆಲ್ಲ ಬದಲಾಗುವಂಥವು. ವರ್ಷ ಮತ್ತು ಎರಡು ಮೂರು ಪದ ಇದ್ದರೆ ಸಾಕು. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ತಲೆಬರಹವನ್ನೇ ವಿಳಾಸ ಮಾಡಿದರೆ ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಕಾಪಿ ಮಾಡಿ ಬೇರೆಡೆ ಹಾಕಿದಾಗ ನೋಡಬೇಕು ಅದರ ಅವಸ್ಥೆ. ಕನ್ನಡದ ಅಕ್ಷರಗಳೆಲ್ಲ % ಚಿಹ್ನೆಯ ಸಂಕೇತಗಳಾಗಿಬಿಡುತ್ತವೆ. ಕಂಪ್ಯೂಟರಿಗೆ ಒಂದು 'ಕ' ಅಂದರೆ ಮೂರು ಬೈಟ್, ಪ್ರತಿ ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ ಮೂರು ಗುರುತು, ಅಂದರೆ ಒಂದು ಅಕ್ಷರಕ್ಕೆ ಒಂಬತ್ತು. ಗುಣಿತ, ಒತ್ತಕ್ಷರ ಬಂದರೆ ಇನ್ನೂ ಉದ್ದ. ನಾಲ್ಕು ಪದದ ತಲೆಬರಹ ಐದಾರು ಸಾಲಿನ ಕಸ ಆಗುತ್ತದೆ. ಕೆಲವು ಆ್ಯಪ್‌ಗಳು ಅದನ್ನು ಅರ್ಧಕ್ಕೇ ಕತ್ತರಿಸುತ್ತವೆ, ಲಿಂಕ್ ಕೆಡುತ್ತದೆ. ತಲೆಬರಹ ಕನ್ನಡದಲ್ಲೇ ಇರಲಿ, ವಿಳಾಸ ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಇಡಿ.

ಬ್ಯಾಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಎರಡು ಬೇರೆ ಬೇರೆ ಕಡೆ ಇಡಿ. ಸೋಷಿಯಲ್ ಮೀಡಿಯಾದಲ್ಲಿ ಈಗಾಗಲೇ ಬರೆದಿದ್ದೀರಲ್ಲ, ಅದನ್ನೂ ಇಳಿಸಿಕೊಳ್ಳಿ. ದೊಡ್ಡ ತಾಣಗಳೆಲ್ಲ ಸೆಟ್ಟಿಂಗ್ಸ್ ಒಳಗೆಲ್ಲೋ ನಿಮ್ಮ ಡೇಟಾ ಡೌನ್‌ಲೋಡ್ ಮಾಡುವ ದಾರಿ ಇಟ್ಟಿರುತ್ತವೆ. ನಿಮಗೆ ಹುಡುಕಿದರೂ ಸಿಗದ ಬರಹಗಳು ಆ ಫೈಲಿನಲ್ಲಿ ತಾರೀಖಿನ ಸಮೇತ ಇರುತ್ತವೆ.

ಈಗ ಓದುವವರ ವಿಷಯ. 2005ರಿಂದ 2013ರ ತನಕ ಗೂಗಲ್ ರೀಡರ್ ಅಂತ ಒಂದಿತ್ತು. ನಿಮಗೆ ಇಷ್ಟವಾದ ಬ್ಲಾಗ್‌ಗಳ ಹೊಸ ಪೋಸ್ಟ್ ಎಲ್ಲ ಒಂದೇ ಕಡೆ ಬಂದು ಬೀಳುತ್ತಿದ್ದವು. 2013ರ ಜುಲೈನಲ್ಲಿ ಅದು ನಿಂತಿತು. ಬ್ಲಾಗ್ ಸತ್ತಿತು ಅನ್ನುವ ಮಾತು ಜೋರಾದದ್ದು ಆಗಿನಿಂದಲೇ. ಸತ್ತದ್ದು ಒಂದು ಕಂಪನಿಯ ಒಂದು ಸೇವೆ. ಅದರ ಕೆಳಗಿದ್ದ ಆರ್‌ಎಸ್‌ಎಸ್ ಫೀಡ್ (ಹೊಸ ಪೋಸ್ಟ್‌ಗಳನ್ನು ಬೇರೆ ಆ್ಯಪ್‌ಗಳಿಗೆ ತಲುಪಿಸುವ ವೆಬ್‌ನ ಒಂದು ತಂತ್ರ ಇದು, ಬೇರೇನೂ ಅಂದುಕೊಳ್ಳಬೇಡಿ) 1999ರಿಂದ ಇವತ್ತಿನ ತನಕವೂ ಇದೆ. ಪಾಡ್‌ಕಾಸ್ಟ್‌ಗಳು ಬೇರೆ ಬೇರೆ ಆ್ಯಪ್‌ಗಳಿಗೆ ತಲುಪುವುದು ಇವತ್ತಿಗೂ ಅದರ ಮೇಲೆಯೇ. ಆರ್‌ಎಸ್‌ಎಸ್ ಹೆಸರೇ ಕೇಳದವರು ದಿನಾ ಅದನ್ನು ಬಳಸುತ್ತಿದ್ದಾರೆ. ನಿಮ್ಮ ಬ್ಲಾಗಿನಲ್ಲಿ ಫೀಡ್ ಇರಲಿ. ಅದರಲ್ಲಿ ಎರಡು ಸಾಲು ಕೊಟ್ಟು 'ಮುಂದೆ ಓದಿ' ಅನ್ನಬೇಡಿ, ಪೂರ್ತಿ ಬರಹ ಕೊಡಿ.

ಸೋಷಿಯಲ್ ಮೀಡಿಯಾ ಬಿಡಬೇಕಾಗಿಲ್ಲ. ಇಂಡಿವೆಬ್ ಅನ್ನುವ ಬಳಗದವರು ಒಂದು ಪದ್ಧತಿ ಹೇಳುತ್ತಾರೆ: ಮೊದಲು ಸ್ವಂತ ಸೈಟಿನಲ್ಲಿ ಪ್ರಕಟಿಸಿ, ಆಮೇಲೆ ಬೇರೆ ಕಡೆ ಹಂಚಿ. ಅಸಲು ನಿಮ್ಮಲ್ಲಿ, ನಕಲು ಅಲ್ಲಿ. ಈಗ ನೀವು ಮಾಡುತ್ತಿರುವುದು ಇದರ ಉಲ್ಟಾ. ಹಂಚುವಾಗ ಬರೀ ಲಿಂಕ್ ಎಸೆಯಬೇಡಿ, ಕೆಲವು ತಾಣಗಳು ಹೊರಗಿನ ಲಿಂಕ್ ಇರುವ ಪೋಸ್ಟನ್ನು ಅಷ್ಟಾಗಿ ಮೇಲೆ ತರುವುದಿಲ್ಲ. ಬರಹದ ಒಂದು ಒಳ್ಳೆಯ ತುಣುಕು ಅಲ್ಲೇ ಓದಲು ಸಿಗಲಿ.

ಬರುವವರ ಸಂಖ್ಯೆ ಕಡಿಮೆಯೇ ಇರುತ್ತದೆ. ಬರುವ ರೀತಿಯೂ ಬೇರೆ. ಸೋಷಿಯಲ್ ಮೀಡಿಯಾದಲ್ಲಿ ಓದುವವರು ಹಾಕಿದ ದಿನ ಬರುತ್ತಾರೆ, ಮಾರನೇ ದಿನ ಇಲ್ಲ. ಬ್ಲಾಗಿಗೆ ಜನ ಬರುವುದು ತಿಂಗಳು, ವರ್ಷ ಕಳೆದ ಮೇಲೆ, ಏನನ್ನೋ ಹುಡುಕಿಕೊಂಡು. 'ಈ ಮೀಮ್ ಎಲ್ಲಿಂದ ಬಂತು' ಅಂತ ಹುಡುಕಿದ ಒಬ್ಬರಿಗೆ ನಿಮ್ಮ ಪುಟ ಸಿಕ್ಕರೆ ಅವರು ಕೊನೆಯ ತನಕ ಓದುತ್ತಾರೆ. ಕಾಮೆಂಟ್ ಬರಲಿಲ್ಲ ಅಂತ ಬೇಜಾರು ಬೇಡ. ಯಾವುದೇ ಆನ್‌ಲೈನ್ ಬಳಗದಲ್ಲಿ ಬಹುಪಾಲು ಜನ ಸುಮ್ನೆ ಓದಿ ಹೋಗುವವರು. ಜನ ವೆಬ್ ಬಳಸುವ ರೀತಿಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಇದನ್ನು 90, 9, 1 ಅಂತ ಹೇಳಿದ್ದರು: ನೂರರಲ್ಲಿ ತೊಂಬತ್ತು ಜನ ನೋಡುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಏನಾದರೂ ಹೇಳುತ್ತಾರೆ, ಒಬ್ಬರು ಜಾಸ್ತಿ ಬರೆಯುತ್ತಾರೆ. ಇದು ಅಂದಾಜಿನ ಲೆಕ್ಕ, ಆದರೂ ಅನುಭವಕ್ಕೆ ಬರುವಂಥದ್ದೇ. ಇಮೇಲ್ ವಿಳಾಸ ಒಂದು ಕಾಣುವ ಹಾಗೆ ಇಡಿ. ನಿಜವಾಗಿ ಓದಿದವರು ಬರೆಯುವುದು ಅಲ್ಲಿಗೆ. ನಿಮ್ಮಂತೆಯೇ ಬರೆಯುವವರ ಬ್ಲಾಗ್‌ಗಳ ಒಂದು ಪಟ್ಟಿ ಪಕ್ಕದಲ್ಲಿ ಹಾಕಿ. ಹಳೇ ಪದ್ಧತಿ, ಈಗಲೂ ಕೆಲಸ ಮಾಡುತ್ತದೆ.

ನಿಮ್ಮ ಮೂರನೇ ಪ್ರಶ್ನೆ ನನಗೆ ಇಷ್ಟವಾಯಿತು. ಟೈಂಪಾಸಾ ಅಂತ ಕೇಳಿದ್ದೀರಿ. ಒಂದು ಪ್ರಸಂಗ ಹೇಳುತ್ತೇನೆ.

1982ರಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ, ಕಂಪ್ಯೂಟರಿನಲ್ಲೇ ಓದಿ ಬರೆಯುವ ಒಂದು ಸಂದೇಶ ಫಲಕ ಇತ್ತು. ಪ್ರೊಫೆಸರುಗಳು, ವಿದ್ಯಾರ್ಥಿಗಳು ಅಲ್ಲಿ ಹರಟುತ್ತಿದ್ದರು. ಒಂದು ದಿನ ಲಿಫ್ಟ್ ಕೆಳಕ್ಕೆ ಬಿದ್ದರೆ ಅದರೊಳಗಿನ ಪಾದರಸದ ಹನಿಗೆ ಏನಾಗುತ್ತದೆ ಅನ್ನುವ ಭೌತಶಾಸ್ತ್ರದ ಒಗಟು ಬಂತು. ಯಾರೋ ತಮಾಷೆಗೆ, ಲಿಫ್ಟ್ ಒಂದರಲ್ಲಿ ಪಾದರಸ ಚೆಲ್ಲಿದೆ ಅಂತ ಎಚ್ಚರಿಕೆಯ ಸಂದೇಶ ಹಾಕಿದರು. ಓದಿದ ಕೆಲವರು ನಿಜ ಅಂದುಕೊಂಡರು. ಬರೀ ಅಕ್ಷರದಲ್ಲಿ ದನಿ ಕೇಳಿಸುವುದಿಲ್ಲ, ಮುಖ ಕಾಣುವುದಿಲ್ಲ, ಹಾಗಾಗಿ ತಮಾಷೆಗೆ ಒಂದು ಗುರುತು ಬೇಕು ಅಂತ ಚರ್ಚೆ ಶುರುವಾಯಿತು. ಒಬ್ಬೊಬ್ಬರು ಒಂದೊಂದು ಚಿಹ್ನೆ ಹೇಳಿದರು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಅನ್ನುವ ಕಂಪ್ಯೂಟರ್ ವಿಜ್ಞಾನಿ :-) ಇದನ್ನು ಬಳಸೋಣ ಅಂದರು, ಪಕ್ಕಕ್ಕೆ ವಾಲಿಸಿ ಓದಿ ಅಂತ ಸೇರಿಸಿದರು. ತಮಾಷೆ ಅಲ್ಲದ್ದಕ್ಕೆ :-( ಇರಲಿ ಅಂದರು.

ಇವತ್ತು ನಾವು ಬಳಸುವ ಇಮೋಜಿಗಳ ಹಿಂದೆ ಇದೂ ಒಂದು ಬೇರು. ಆದರೆ ಆ ಮೂಲ ಸಂದೇಶ ಎಲ್ಲೂ ಇರಲಿಲ್ಲ. ಇಪ್ಪತ್ತು ವರ್ಷ ಅದು ಬರೀ ಬಾಯಿಮಾತು. 2002ರಲ್ಲಿ ಕೆಲವರು ಹಠ ಹಿಡಿದು ವಿಭಾಗದ ಹಳೆಯ ಬ್ಯಾಕಪ್ ಟೇಪುಗಳನ್ನು ಹುಡುಕಿಸಿ, ಓದಬಲ್ಲ ಯಂತ್ರ ಹೊಂದಿಸಿ, ಇಡೀ ಚರ್ಚೆಯನ್ನೇ ಹೊರಗೆ ತೆಗೆದರು. ಆಗ ಗೊತ್ತಾದದ್ದು ಬರೀ ತಾರೀಖಲ್ಲ. ಲಿಫ್ಟು, ಪಾದರಸ, ತಪ್ಪು ತಿಳಿದವರು, ಬೇರೆಯವರು ಸೂಚಿಸಿ ಬಿದ್ದುಹೋದ ಚಿಹ್ನೆಗಳು, ಎಲ್ಲ ಬಂದವು. 'ಮೊದಲ ಸ್ಮೈಲಿ' ಅನ್ನುವುದು ಕ್ವಿಜ್ ಪ್ರಶ್ನೆ. ತಮಾಷೆ ಅರ್ಥವಾಗದೆ ಎಡವಟ್ಟಾದದ್ದರಿಂದ ಒಂದು ಗುರುತು ಹುಟ್ಟಿತು ಅನ್ನುವುದು ಸಂಸ್ಕೃತಿ. ನೀವು ಬರೆಯಬೇಕಾದದ್ದು ಈ ಎರಡನೆಯದನ್ನು.

ಹಾಗೆ ಬರೆಯಲು ಪತ್ತೇದಾರಿ ಕೆಲಸ ಬೇಕು. ಒಂದು ಮೀಮ್ ಚಿತ್ರ ಕೈಗೆ ಬಂತು ಅಂದುಕೊಳ್ಳಿ. ಅದನ್ನು ಚಿತ್ರ ಹುಡುಕುವ ಸಾಧನಗಳಲ್ಲಿ ಹಾಕಿ. ಗೂಗಲ್ ಲೆನ್ಸ್ ಇದೆ, ಟಿನ್‌ಐ ಇದೆ. ಟಿನ್‌ಐನಲ್ಲಿ ಹಳೆಯದನ್ನು ಮೊದಲು ತೋರಿಸು ಅನ್ನುವ ಆಯ್ಕೆ ಇದೆ, ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿ ಕಾಣುವ ತಾರೀಖು ಆ ಸಾಧನ ಚಿತ್ರವನ್ನು ಮೊದಲು ಕಂಡ ದಿನ, ಚಿತ್ರ ಹುಟ್ಟಿದ ದಿನ ಅಲ್ಲ. ಸಿಕ್ಕ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾವುದರ ಅಂಚು ಜಾಸ್ತಿ ಇದೆ? ಕತ್ತರಿಸಿದ್ದನ್ನು ಮತ್ತೆ ಬೆಳೆಸಲು ಆಗುವುದಿಲ್ಲ, ಹಾಗಾಗಿ ಅಂಚು ಪೂರ್ತಿ ಇರುವ ಪ್ರತಿ ಸಾಮಾನ್ಯವಾಗಿ ಮೂಲಕ್ಕೆ ಹತ್ತಿರ. ಯಾವುದು ಜಾಸ್ತಿ ಮಸುಕು? ಪ್ರತಿ ಸಲ ಸೇವ್ ಮಾಡಿ ಮತ್ತೆ ಹಂಚಿದಾಗಲೂ ಚಿತ್ರ ಸ್ವಲ್ಪ ಸವೆಯುತ್ತದೆ, ಅಕ್ಷರದ ಸುತ್ತ ಧೂಳು ಕೂರುತ್ತದೆ. ಒಂದರ ಮೇಲೊಂದು ಪೇಜಿನ ಹೆಸರು ಅಚ್ಚಾಗಿದ್ದರೆ ಅದು ಹೋಗಿ ಬಂದ ದಾರಿಯೇ ನಿಮಗೆ ಸಿಕ್ಕಿತು.

ಸ್ಕ್ರೀನ್‌ಶಾಟ್ ಆದರೆ ಇನ್ನೂ ಮಜಾ. ಟ್ವಿಟರ್‌ನಲ್ಲಿ ಮೆಚ್ಚುಗೆಗೆ ಮೊದಲು ನಕ್ಷತ್ರ ಇತ್ತು. 2015ರ ನವೆಂಬರ್‌ನಲ್ಲಿ ಅದು ಹೃದಯ ಆಯಿತು. ಅಕ್ಷರದ ಮಿತಿ 140 ಇದ್ದದ್ದು 2017ರ ನವೆಂಬರ್‌ನಲ್ಲಿ 280 ಆಯಿತು. ಈಗ ಯಾರೋ ಒಬ್ಬ ಪ್ರಸಿದ್ಧ ವ್ಯಕ್ತಿ 2012ರಲ್ಲೇ ಭವಿಷ್ಯ ಹೇಳಿದ್ದರು ಅನ್ನುವ ಸ್ಕ್ರೀನ್‌ಶಾಟ್ ಬರುತ್ತದೆ. ಅಕ್ಷರ ಎಣಿಸಿ. ಇನ್ನೂರು ದಾಟಿದರೆ ಅದು ನಕಲಿ, ಬೇರೆ ಸಾಕ್ಷಿಯೇ ಬೇಡ. ಇಂಥ ಸಣ್ಣ ಗುರುತುಗಳ ಒಂದು ಪಟ್ಟಿ ನೀವೇ ಮಾಡಿಕೊಳ್ಳುತ್ತಾ ಹೋಗಿ. ಯಾವ ತಾಣ ಯಾವಾಗ ಬಟನ್ ಬದಲಾಯಿಸಿತು, ಹೆಸರು ಬದಲಾಯಿಸಿತು, ಬಣ್ಣ ಬದಲಾಯಿಸಿತು. ಅದೇ ಒಂದು ಒಳ್ಳೆಯ ಪೋಸ್ಟ್ ಆಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ 'ಇದೇ ಮೊದಲನೆಯದು' ಅಂತ ಬರೆಯಬೇಡಿ. 'ನನಗೆ ಸಿಕ್ಕಿದ್ದರಲ್ಲಿ ಹಳೆಯದು' ಅಂತ ಬರೆದು, ಎಲ್ಲಿ ಸಿಕ್ಕಿತು, ಯಾವ ದಿನ ನೋಡಿದಿರಿ ಅನ್ನುವುದನ್ನೂ ಹೇಳಿ. ನಾಳೆ ಯಾರೋ ಇನ್ನೂ ಹಳೆಯದು ತಂದರೆ ನಿಮ್ಮ ಬರಹ ಸುಳ್ಳಾಗುವುದಿಲ್ಲ, ಇನ್ನೊಂದು ಸಾಲು ಸೇರುತ್ತದೆ. ತಿದ್ದಿದಾಗ ತಿದ್ದಿದ ತಾರೀಖು ಹಾಕಿ.

ಲಿಂಕ್ ಕೊಡುವ ಮೊದಲು ಆ ಪುಟವನ್ನು ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ಬ್ರೂಸ್ಟರ್ ಕೇಲ್ 1996ರಲ್ಲಿ ಕಟ್ಟಿದ ಇಂಟರ್ನೆಟ್ ಆರ್ಕೈವ್‌ನ ಭಾಗ ಅದು, 2001ರಿಂದ ಎಲ್ಲರಿಗೂ ತೆರೆದಿದೆ. ವಿಳಾಸ ಹಾಕಿ ಒಂದು ಬಟನ್ ಒತ್ತಿದರೆ ಪುಟದ ನಕಲು ತಾರೀಖಿನ ಸಮೇತ ಅಲ್ಲಿ ಕೂರುತ್ತದೆ. ಅಸಲು ಲಿಂಕು, ಉಳಿಸಿದ ಲಿಂಕು ಎರಡನ್ನೂ ಕೊಡಿ. ಲಾಗಿನ್ ಕೇಳುವ ತಾಣಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಎಲ್ಲಕ್ಕಿಂತ ಗಟ್ಟಿ ಉಪಾಯ ಮಾತಿನಲ್ಲಿ ವರ್ಣಿಸುವುದು. 'ಈ ವಿಡಿಯೋ ನೋಡಿ, ನಕ್ಕು ನಕ್ಕು ಸಾಕಾಯಿತು' ಅಂತ ಬರೆದು ಲಿಂಕ್ ಹಾಕಿದರೆ, ಲಿಂಕ್ ಸತ್ತ ದಿನ ನಿಮ್ಮ ಬರಹವೂ ಸತ್ತಿತು. ವಿಡಿಯೋದಲ್ಲಿ ಏನಾಗುತ್ತದೆ, ನಗು ಎಲ್ಲಿ ಹುಟ್ಟುತ್ತದೆ, ಕೆಳಗೆ ಜನ ಏನಂದರು, ಅದು ಯಾವ ಸುದ್ದಿಯ ವಾರ, ಇಷ್ಟು ಬರೆದರೆ ಇಪ್ಪತ್ತು ವರ್ಷ ಬಿಟ್ಟು ಓದಿದವರಿಗೂ ಅರ್ಥವಾಗುತ್ತದೆ. ಪೋಸ್ಟನ್ನು ಎಂಬೆಡ್ ಮಾಡುವುದೂ, ಅಂದರೆ ಮೂಲ ತಾಣದಿಂದಲೇ ನೇರ ನಿಮ್ಮ ಪುಟದಲ್ಲಿ ಕಾಣುವ ಹಾಗೆ ಹಾಕುವುದೂ, ಅಪಾಯವೇ. ಮೂಲದವರು ಅಳಿಸಿದರೆ ನಿಮ್ಮಲ್ಲಿ ಖಾಲಿ ಚೌಕ ಉಳಿಯಬಹುದು.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ವೈರಲ್ ಆದದ್ದರ ಬಗ್ಗೆ ಬರೆಯುವಾಗ ಜನರ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ, ಆ ತಾಣದ ಯಂತ್ರವನ್ನು ನೋಡುವುದೇ ಇಲ್ಲ. 140 ಅಕ್ಷರದ ಮಿತಿ ಯಾಕಿತ್ತು? ಟ್ವಿಟರ್ ಶುರುವಾದದ್ದು ಎಸ್ಸೆಮ್ಮೆಸ್ ಮೇಲೆ. ಎಸ್ಸೆಮ್ಮೆಸ್‌ಗೆ 160 ಅಕ್ಷರ, ಅದರಲ್ಲಿ 20 ಬಳಕೆದಾರರ ಹೆಸರಿಗೆ ಬಿಟ್ಟರು. ಫೋನಿನ ಆ ಮಿತಿಯಿಂದ ಒಂದು ಇಡೀ ಬರವಣಿಗೆಯ ಶೈಲಿ ಹುಟ್ಟಿತು. ವೈನ್ ಅನ್ನುವ ಆ್ಯಪ್‌ನಲ್ಲಿ ವಿಡಿಯೋ ಆರೇ ಸೆಕೆಂಡ್, ಮುಗಿದ ತಕ್ಷಣ ಮತ್ತೆ ಶುರು. ಕೊನೆಯೂ ಮೊದಲೂ ಅಂಟಿಕೊಳ್ಳುವ, ಮಾತಿನ ಮಧ್ಯದಲ್ಲೇ ಕತ್ತರಿಸುವ ಹಾಸ್ಯ ಅಲ್ಲಿ ಪಳಗಿತು. 2017ರಲ್ಲಿ ವೈನ್ ಮುಚ್ಚಿತು, ಆ ಲಯ ಮಾತ್ರ ಇವತ್ತಿನ ಚಿಕ್ಕ ವಿಡಿಯೋಗಳಲ್ಲಿ ಹಾಗೇ ಇದೆ. 2016ರಲ್ಲಿ ಇನ್‌ಸ್ಟಾಗ್ರಾಂ, ಫೋಟೋಗಳನ್ನು ಹಾಕಿದ ಹೊತ್ತಿನ ಕ್ರಮದಲ್ಲಿ ತೋರಿಸುವುದು ಬಿಟ್ಟು ತನ್ನ ಲೆಕ್ಕದ ಕ್ರಮದಲ್ಲಿ ತೋರಿಸತೊಡಗಿತು. ಅಲ್ಲಿಂದ ಮುಂದೆ ಇಬ್ಬರು ಗೆಳೆಯರು ಒಂದೇ ತಾಣದಲ್ಲಿ ಅದೇ ಜನರನ್ನು ಫಾಲೋ ಮಾಡಿದರೂ ಕಂಡದ್ದು ಒಂದೇ ಅಲ್ಲ.

ಇದರಿಂದ ನಿಮ್ಮ ವಾಕ್ಯಕ್ಕೂ ಒಂದು ಕಡಿವಾಣ ಬೀಳಬೇಕು. 'ಎಲ್ಲರೂ ಇದನ್ನೇ ಮಾತಾಡುತ್ತಿದ್ದಾರೆ' ಅಂತ ಬರೆಯಬೇಡಿ. ನಿಮ್ಮ ಫೀಡಿನಲ್ಲಿ ಮಾತಾಡುತ್ತಿದ್ದಾರೆ, ಅಷ್ಟೇ. ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಅದು ಕಂಡೇ ಇರದಿರಬಹುದು. ಲಾಗೌಟ್ ಆಗಿ ನೋಡಿ, ಬೇರೆ ವಯಸ್ಸಿನವರ ಫೋನಿನಲ್ಲಿ ಏನು ಓಡುತ್ತಿದೆ ಅಂತ ಕೇಳಿ. ಯಾರಿಗೆ, ಎಲ್ಲಿ, ಯಾವಾಗ ಕಂಡಿತು ಅನ್ನುವುದನ್ನು ಹೇಳಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಎಷ್ಟು ದಿನಕ್ಕೊಮ್ಮೆ ಬರೆಯಬೇಕು ಅಂತ ನೀವು ಕೇಳಿಲ್ಲ, ಆದರೆ ಆಮೇಲೆ ಕೇಳುತ್ತೀರಿ. ವೇಳಾಪಟ್ಟಿ ಬೇಡ. ವೈರಲ್ ಆದ ದಿನವೇ ಬರೆಯುವವರು ಸಾವಿರ ಜನ ಇದ್ದಾರೆ. ನೀವು ತಿಂಗಳು ಬಿಟ್ಟು ಬರೆಯಿರಿ. ಅಷ್ಟು ಹೊತ್ತಿಗೆ ಗಾಳಿಸುದ್ದಿ ಇಳಿದಿರುತ್ತದೆ, ಮೂಲದವರು ತಾವೇ ಏನಾದರೂ ಹೇಳಿರುತ್ತಾರೆ, ಅಳಿಸಿದ್ದು ಯಾವುದು ಉಳಿದದ್ದು ಯಾವುದು ಅಂತಲೂ ಗೊತ್ತಾಗಿರುತ್ತದೆ. ಆ ದಿನ ಮಾಡಬೇಕಾದದ್ದು ಪುಟಗಳನ್ನು ಉಳಿಸುವುದು ಮಾತ್ರ.

ಕೊನೆಗೆ ಸ್ಕ್ರೀನ್‌ಶಾಟ್. ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು ಕಾಪಿರೈಟ್. ವಿಮರ್ಶೆ, ಚರ್ಚೆಗಾಗಿ ಬೇಕಾದಷ್ಟನ್ನೇ ಉದ್ಧರಿಸಿ ಮೂಲ ಹೇಳುವುದಕ್ಕೆ ಬಹಳ ದೇಶಗಳ ಕಾನೂನು ಜಾಗ ಬಿಟ್ಟಿದೆ, ಆದರೆ ಎಲ್ಲಿ ಎಷ್ಟು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಇಡೀ ಕಾಮಿಕ್ಸ್, ಇಡೀ ಫೋಟೋ ಸರಣಿ ಎತ್ತಿ ಹಾಕಿಕೊಳ್ಳುವುದು ಉದ್ಧರಣೆ ಅಲ್ಲ. ಚಿತ್ರಕಾರರ ಹೆಸರು ಕತ್ತರಿಸಿದ ಪ್ರತಿಯನ್ನಂತೂ ಹಾಕಲೇಬೇಡಿ. ಅಲಂಕಾರಕ್ಕೆ ಚಿತ್ರ ಬೇಕಿದ್ದರೆ, ಬೇರೆಯವರು ಬಳಸಲು ಮೊದಲೇ ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯವು ಬೇಕಾದಷ್ಟಿವೆ.

ಇನ್ನೊಂದು ಪ್ರಶ್ನೆ ಮನುಷ್ಯರದು, ಅದು ಕಾನೂನಿಗಿಂತ ಕಷ್ಟ. 2002ರಲ್ಲಿ ಕೆನಡಾದ ಒಬ್ಬ ಹೈಸ್ಕೂಲ್ ಹುಡುಗ ಶಾಲೆಯ ಸ್ಟುಡಿಯೋದಲ್ಲಿ ಒಬ್ಬನೇ ಗಾಲ್ಫ್ ಚೆಂಡು ಎತ್ತುವ ಕೋಲು ಹಿಡಿದು ಕತ್ತಿವರಸೆ ಆಡಿದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದ. ಯಾರಿಗೂ ತೋರಿಸಲು ಅಲ್ಲ. ಮುಂದಿನ ವರ್ಷ ಸಹಪಾಠಿಗಳ ಕೈಗೆ ಆ ಟೇಪ್ ಸಿಕ್ಕಿತು, ಇಂಟರ್ನೆಟ್‌ಗೆ ಹೋಯಿತು. ಆಗಿನ್ನೂ ಯೂಟ್ಯೂಬ್ ಹುಟ್ಟಿರಲಿಲ್ಲ, ಆದರೂ ಕೋಟಿಗಟ್ಟಲೆ ಜನ ನೋಡಿದರು. ಹಂಚಿದ್ದರಲ್ಲಿ ಬ್ಲಾಗ್‌ಗಳ ಪಾಲು ದೊಡ್ಡದು. ಹುಡುಗ ಶಾಲೆ ಬಿಡಬೇಕಾಯಿತು. ಕುಟುಂಬ ಕೋರ್ಟಿಗೆ ಹೋಯಿತು, 2006ರಲ್ಲಿ ರಾಜಿಯಾಯಿತು. ಈ ವಿಡಿಯೋ ಬಿಟ್ಟು ವೈರಲ್‌ನ ಇತಿಹಾಸ ಬರೆಯಲು ಆಗುವುದಿಲ್ಲ. ಹುಡುಗನ ಹೆಸರು ಬಿಟ್ಟು ಬರೆಯಬಹುದು. ನಾನೂ ಈಗ ಹಾಗೇ ಬರೆದೆ, ಕಥೆಗೆ ಏನೂ ಕಡಿಮೆಯಾಗಲಿಲ್ಲ ಅಲ್ವಾ?

ರಾಜಕಾರಣಿ, ಕಂಪನಿ, ಲಕ್ಷಗಟ್ಟಲೆ ಅನುಯಾಯಿಗಳಿರುವವರು ಸಾರ್ವಜನಿಕವಾಗಿ ಆಡಿದ ಮಾತು ಹೆಸರು ಸಮೇತ ಹಾಕಿ. ಐವತ್ತು ಜನ ಗೆಳೆಯರಿಗೆ ಅಂತ ಬರೆದ ಮಾಮೂಲಿ ಮನುಷ್ಯರ ಪೋಸ್ಟ್ ಎಲ್ಲರಿಗೂ ಕಾಣುವ ಹಾಗಿದ್ದರೂ ಹೆಸರು, ಫೋಟೋ ಮುಚ್ಚಿ. ಮುಚ್ಚುವಾಗ ಮಸುಕು ಮಾಡಬೇಡಿ, ಕಪ್ಪು ಪಟ್ಟಿ ಹಾಕಿ. ಕೆಲವು ಮಸುಕನ್ನು ಬಿಡಿಸಲು ಬರುತ್ತದೆ. ಇಷ್ಟಾದರೂ ಪೋಸ್ಟಿನ ವಾಕ್ಯವನ್ನು ಹಾಗ್ಹಾಗೇ ಹುಡುಕಿದರೆ ಬರೆದವರು ಸಿಕ್ಕಿಬಿಡುತ್ತಾರೆ. ಹಾಗಾಗಿ ಅವರ ಮಾತನ್ನು ನಿಮ್ಮ ಮಾತಿನಲ್ಲಿ ಹೇಳುವುದೇ ವಾಸಿ. ಮಕ್ಕಳಾದರೆ ಎರಡನೇ ಯೋಚನೆಯೇ ಬೇಡ, ಗುರುತು ಸಿಗದ ಹಾಗೆ ಮುಚ್ಚಿ. ಮುಚ್ಚಿದ ಗುಂಪಿನಿಂದ ತಂದದ್ದಾದರೆ ಕೇಳಿಯೇ ಹಾಕಿ.

ನಾಲ್ಕು ವರ್ಷ ಬಿಟ್ಟು ಯಾರೋ ಒಬ್ಬರು ಮೇಲ್ ಮಾಡಿ, ಅದು ನಾನೇ, ದಯವಿಟ್ಟು ತೆಗೆಯಿರಿ ಅನ್ನಬಹುದು. ಅವರು ಸಾರ್ವಜನಿಕ ವ್ಯಕ್ತಿ ಅಲ್ಲದಿದ್ದರೆ ವಾದ ಮಾಡದೆ ಗುರುತು ಸಿಗುವ ಭಾಗ ತೆಗೆಯಿರಿ. ಪೋಸ್ಟ್ ಇರಲಿ, ಇಂಥ ದಿನ ತಿದ್ದಲಾಗಿದೆ ಅಂತ ಕೆಳಗೆ ಒಂದು ಸಾಲು ಹಾಕಿ. ಅಷ್ಟರಲ್ಲಿ ನಿಮ್ಮ ಪುಟದ ಹಳೆಯ ನಕಲು ವೇಬ್ಯಾಕ್ ಮಷೀನ್‌ನಲ್ಲಿ ಕೂತಿರುತ್ತದೆ. ಸೈಟಿನ ಮಾಲೀಕರು ನೀವೇ ಆದ್ದರಿಂದ, ಆ ನಕಲನ್ನು ತೆಗೆಯಲು ಇಂಟರ್ನೆಟ್ ಆರ್ಕೈವ್‌ನವರಿಗೆ ಬರೆದು ಕೇಳಬಹುದು. ಸ್ವಂತ ಡೊಮೇನ್‌ನ ಇಮೇಲ್‌ನಿಂದ ಬರೆದರೆ ಮಾಲೀಕರು ನೀವೇ ಅಂತ ತೋರಿಸುವುದು ಸುಲಭ.